ಹವಾಯಿ ಗಿಟಾರಿನ ಜನ್ಮಕಥೆ

ಆಕಾಶವಾಣಿಯನ್ನು ಕೇಳುತ್ತ ಬೆಳೆದವರಿಗೆಲ್ಲ ಒಂದು ದನಿಯ ಪರಿಚಯ ಇದ್ದೇ ಇರುತ್ತದೆ. ಒಂದು ಕಾರ್ಯಕ್ರಮ ಮುಗಿದು, ವಾರ್ತೆಗೆ ಇನ್ನೂ ಎರಡು ನಿಮಿಷ ಉಳಿದಿದ್ದರೆ, ಆ ತೆರಪನ್ನು ತುಂಬುವುದಕ್ಕೆ ಯಾವುದೋ ಹಳೆಯ ಚಿತ್ರಗೀತೆಯ ಮಟ್ಟನ್ನು ವಾದ್ಯದ ಮೇಲೆ ನುಡಿಸಿದ ತಟ್ಟೆಯೊಂದನ್ನು ಹಾಕುತ್ತಿದ್ದರು. ಮಾತಿಲ್ಲದ ಹಾಡು ಅದು. ಆದರೆ ಮಾತು ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎನ್ನುವಂತೆ ತಂತಿಯು ಕೊರಳಿನ ಹಾಗೆ ಎಳೆದು, ಜಾರಿ, ಸಣ್ಣಗೆ ನಡುಗಿ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಕುಳಿತು ಆಲಿಸಿದವರಲ್ಲ. ಅದು ಕೇಳಿಸಿತೆಂದರೆ ನಮ್ಮ ತಂದೆಯವರು ಗೋಡೆಯ ಗಡಿಯಾರಕ್ಕೆ ಕೀಲಿ ಕೊಟ್ಟು, ಕನ್ನಡಕ ಹಾಕಿಕೊಂಡು, ವಾರ್ತೆಗೆ ಸಿದ್ಧರಾಗುತ್ತಿದ್ದರು, ಅಷ್ಟೆ. ಆ ವಾದ್ಯದ ಹೆಸರು ಹವಾಯಿ ಗಿಟಾರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮತ್ತೆ ಅದರ ನೆನಪು ತಂದವನು ನನ್ನ ಒಬ್ಬ ವಿದ್ಯಾರ್ಥಿ. ಕಾಲೇಜಿನ ವಾರ್ಷಿಕೋತ್ಸವದ ದಿನ ಅವನು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು, ಒಂದು ದೇವರನಾಮವನ್ನು ಸೊಗಸಾಗಿಯೇ ನುಡಿಸಿದ. ಕೆಳಗಿಳಿದು ಬಂದವನನ್ನು ಬೆನ್ನು ತಟ್ಟಿ ಮಾತಾಡಿಸಿದೆ. "ಸಾರ್, ಇದನ್ನು ಕಂಡುಹಿಡಿದವನು ನಮ್ಮ ದೇಶದವನೇ ಅಂತೆ. ಹಡಗಿನಲ್ಲಿ ಕದ್ದು ಒಯ್ದಿದ್ದರಂತೆ. ಅವನೇ ಅಲ್ಲಿಯವರಿಗೆ ಕಲಿಸಿದ್ದಂತೆ!" ಎಂದ. ಹೇಳುವಾಗ ಅವನ ಮುಖದಲ್ಲಿದ್ದ ಹಿಗ್ಗನ್ನು ನೋಡಿ ನನಗೂ ಹಿಗ್ಗಾಯಿತು. ಆದರೆ ಕವಿಗಳ ಕಾಲದೇಶಗಳನ್ನು ಕುರಿತು ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಲಕ್ಷ್ಮೀಶನ ದೇವಪುರ ಯಾವುದು ಎಂಬ ಒಂದೇ ಪ್ರಶ್ನೆಗೆ ನಮ್ಮ ಪಂಡಿತರು ಎಷ್ಟು ಮಸಿ ಖರ್ಚು ಮಾಡಿದ್ದಾರೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ. "ಅಂತೆ" ಎಂಬ ಪ್ರತ್ಯಯ ಕಿವಿಗೆ ಬಿದ್ದೊಡನೆ ಎಚ್ಚರಗೊಳ್ಳುವುದು ಈ ವೃತ್ತಿಯ ರೋಗ. ಆದ್ದರಿಂದ ಅವನ ಮೂರು "ಅಂತೆ"ಗಳ ಬೆನ್ನು ಹತ್ತಿ ಹೋದೆ. ಹೋದ ದಾರಿಯಲ್ಲಿ ಕಂಡುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ವಾದ್ಯದ ಬಗೆ. ಸಾಮಾನ್ಯ ಗಿಟಾರನ್ನು ನುಡಿಸುವವನು ತಂತಿಯನ್ನು ಬೆರಳಿನಿಂದ ಮೆಟ್ಟಿಗೆ ಒತ್ತುತ್ತಾನೆ. ಒತ್ತಿದಲ್ಲಿ ಒಂದು ಸ್ವರ. ಮುಂದಿನ ಮೆಟ್ಟಿಗೆ ಹೋದರೆ ಮುಂದಿನ ಸ್ವರ. ನಡುವೆ ಇರುವ ನಾದವೆಲ್ಲ ಮೆಟ್ಟಿಲಿನ ಕೆಳಗಿನ ಕತ್ತಲೆಯಂತೆ ನಷ್ಟವಾಗುತ್ತದೆ. ಹವಾಯಿ ಗಿಟಾರಿನಲ್ಲಿ ಒತ್ತುವ ಮಾತೇ ಇಲ್ಲ. ತಂತಿಗಳನ್ನು ಪಲಕದಿಂದ ಎತ್ತರಿಸಿ ಕಟ್ಟಿರುತ್ತದೆ. ವಾದ್ಯವನ್ನು ಅಡ್ಡಡ್ಡ ಮಲಗಿಸಿ, ನಯವಾದ ಉಕ್ಕಿನ ತುಂಡನ್ನು ತಂತಿಗೆ ಮುಟ್ಟಿಸಿ ಸರಿಸುತ್ತಾರೆ, ಬಲಗೈ ಮೀಟುತ್ತದೆ. ಉಕ್ಕು ಎಲ್ಲಿ ನಿಂತಿತೋ ಅಲ್ಲಿ ಸ್ವರ. ಸರಿದ ಉದ್ದಕ್ಕೂ ನಾದ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಜಾರು, ಕಂಪಿತ, ಮೀಂಡುಗಳು ಆ ತುಂಡಿನೊಳಗೇ ಅಡಗಿವೆ. "ಸ್ಟೀಲ್ ಗಿಟಾರು" ಎಂದರೆ ಉಕ್ಕಿನಿಂದ ಮಾಡಿದ ಗಿಟಾರಲ್ಲ, ಉಕ್ಕಿನ ತುಂಡಿನಿಂದ ನುಡಿಸುವ ಗಿಟಾರು ಎಂದು ಅರ್ಥ.

ಇನ್ನು ಊರು. ಶಾಂತಸಾಗರದ ನಡುವೆ, ಯಾವ ಭೂಖಂಡದಿಂದ ನೋಡಿದರೂ ಸಾವಿರಾರು ಮೈಲಿ ದೂರದಲ್ಲಿ, ಹವಾಯಿ ದ್ವೀಪಗಳಿವೆ. ಗಿಟಾರು ಅಲ್ಲಿಯದಲ್ಲ. ೧೭೯೩ರಲ್ಲಿ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಅಲ್ಲಿನ ಅರಸನಿಗೆ ಕೆಲವು ದನಗಳನ್ನು ಕಾಣಿಕೆಯಾಗಿ ತಂದುಕೊಟ್ಟ. ಅವುಗಳನ್ನು ಕೊಲ್ಲಬಾರದೆಂದು ಅರಸ ಕಟ್ಟು ಮಾಡಿದ. ನಲವತ್ತು ವರ್ಷಗಳಲ್ಲಿ ದನಗಳು ಕಾಡುದನಗಳಾಗಿ, ಬೆಳೆಗೂ ಜನಕ್ಕೂ ಕಂಟಕವಾಗಿ ನಿಂತವು. ಅವನ್ನು ಹಿಡಿದು ಪಳಗಿಸುವುದಕ್ಕೆ ೧೮೩೦ರ ದಶಕದಲ್ಲಿ ಮೆಕ್ಸಿಕೋ ಕಡೆಯ ಕುದುರೆ ಸವಾರರನ್ನು ಕರೆಸಿದರು. ಸ್ಪ್ಯಾನಿಷ್ ಮಾತಾಡುತ್ತಿದ್ದ ಆ ಗೋಪಾಲರು ಹಗ್ಗದ ಜೊತೆಗೆ ಗಿಟಾರನ್ನೂ ತಂದರು. "ಎಸ್ಪಾನ್ಯೋಲ್" ಎಂಬ ಮಾತು ಹವಾಯಿಯವರ ಬಾಯಲ್ಲಿ "ಪನಿಯೋಲೊ" ಆಗಿ, ದನ ಕಾಯುವವನಿಗೆ ಇಂದಿಗೂ ಅಲ್ಲಿ ಅದೇ ಹೆಸರು. ಗೋಪಾಲರ ಕೈಯಿಂದ ಗಿಟಾರು ಊರವರ ಕೈಗೆ ಬಂತು. ಊರವರು ಅದರ ಶ್ರುತಿಯನ್ನು ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಕೆಲವು ತಂತಿಗಳನ್ನು ಸಡಿಲಿಸಿ, ಬರಿಗೈಯಲ್ಲಿ ಮೀಟಿದರೂ ಇಂಪಾದ ಸ್ವರಮೇಳ ಕೇಳಿಸುವಂತೆ ಮಾಡಿಕೊಂಡರು. ಅದೇ ಅವರ "ಸಡಿಲ ತಂತಿ"ಯ ಪದ್ಧತಿ. ಈ ಶ್ರುತಿಯೊಂದು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಏಕೆಂದರೆ ನೇರವಾದ ಉಕ್ಕಿನ ತುಂಡು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ತಂತಿಗಳೆಲ್ಲ ಮೊದಲೇ ಒಂದು ಸ್ವರಮೇಳಕ್ಕೆ ಕೂಡಿದ್ದರೆ ಮಾತ್ರ ಅದು ಹಾಡೀತು, ಇಲ್ಲದಿದ್ದರೆ ಗದ್ದಲ.

೧೮೭೪ರಲ್ಲಿ ಕಲಾಕೌವ ಎಂಬ ರಾಜ ಪಟ್ಟಕ್ಕೆ ಬಂದ. ಪಾದ್ರಿಗಳ ಕೋಪಕ್ಕೆ ಗುರಿಯಾಗಿ ಮೂಲೆ ಸೇರಿದ್ದ ಹುಲ ನೃತ್ಯವನ್ನು ಅವನು ಮತ್ತೆ ಅರಮನೆಯ ಅಂಗಳಕ್ಕೆ ಕರೆತಂದ. ೧೮೮೧ರಲ್ಲಿ ಭೂಪ್ರದಕ್ಷಿಣೆಗೆ ಹೊರಟು ಕಲ್ಕತ್ತೆ, ಬೊಂಬಾಯಿಗಳನ್ನೂ ನೋಡಿಹೋದ. ಸಂಗೀತದ ಮನೆತನ ಅದು. ತಂಗಿ ಲಿಲಿಯುವೊಕಲಾನಿ ಸ್ವತಃ ವಾಗ್ಗೇಯಕಾರಳು. ಲೋಕವೆಲ್ಲ ಬಲ್ಲ "ಅಲೋಹ ಓಯೆ" ಎಂಬ ಬೀಳ್ಕೊಡುಗೆಯ ಹಾಡು ಅವಳದೇ. ಆದರೆ ಅರಮನೆಯ ಹೊರಗೆ ಕಬ್ಬಿನ ತೋಟಗಳ ಒಡೆಯರು ಬಲಿಯುತ್ತಿದ್ದರು. ಹೊರಗಿನವರು ಹಡಗಿನಲ್ಲಿ ತಂದ ರೋಗಗಳಿಗೆ ತುತ್ತಾಗಿ ಮೂಲನಿವಾಸಿಗಳ ಸಂಖ್ಯೆ ೧೮೯೦ರ ಖಾನೇಷುಮಾರಿಯ ವೇಳೆಗೆ ಸುಮಾರು ೪೦,೦೦೦ಕ್ಕೆ ಇಳಿದಿತ್ತು. ನಮ್ಮ ಒಂದು ಸಣ್ಣ ತಾಲ್ಲೂಕಿನ ಕೇಂದ್ರದಲ್ಲಿ ಇಂದು ಇರುವಷ್ಟು ಜನ! ಅಷ್ಟು ಜನರ ನಡುವೆ, ಆ ಸಂಕಟದ ವರ್ಷಗಳಲ್ಲಿ, ಈ ವಾದ್ಯ ಹುಟ್ಟಿತು.

ಓವಾಹು ದ್ವೀಪದ ಕಡಲಂಚಿನಲ್ಲಿ ಲಾಯಿಯೆ ಎಂಬ ಹಳ್ಳಿ. ಅಲ್ಲಿ ೧೮೭೪ರಲ್ಲಿ ಹುಟ್ಟಿದವನು ಜೋಸೆಫ್ ಕೆಕುಕು. ಇವನ ಬಂಧು ಸ್ಯಾಮ್ ನೈನೋವ ಪಿಟೀಲು ನುಡಿಸುತ್ತಿದ್ದ. ಪಿಟೀಲಿಗೆ ಮೆಟ್ಟಿಲ್ಲ, ಬೆರಳು ಜಾರಿದರೆ ಸ್ವರವೂ ಜಾರುತ್ತದೆ. ಆ ಜಾರನ್ನು ಗಿಟಾರಿನಿಂದ ಹೊರಡಿಸಲು ಕೆಕುಕು ಹಟ ಹಿಡಿದ. ತನಗೆ ಈ ದಾರಿ ಹೊಳೆದದ್ದು ೧೮೮೫ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಅದು ಕೈಗೆ ಹತ್ತಲು ಏಳು ವರ್ಷ ಬೇಕಾಯಿತು ಎಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ಚಾಕುವಿನ ಬೆನ್ನು, ಬಾಚಣಿಗೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಂತಿಯ ಮೇಲೆ ಆಡಿಸಿ ನೋಡಿದನೆಂದು ಬಲ್ಲವರು ಹೇಳುತ್ತಾರೆ. ೧೮೮೯ರಲ್ಲಿ ಹೊನೊಲುಲುವಿನ ಕಮೆಹಮೆಹ ಬಾಲಕರ ಶಾಲೆಗೆ ಸೇರಿದ. ರಾಜವಂಶದ ಹೆಣ್ಣುಮಗಳೊಬ್ಬಳು ತನ್ನ ಆಸ್ತಿಯನ್ನೆಲ್ಲ ಮೀಸಲಿಟ್ಟು ಹವಾಯಿ ಮಕ್ಕಳಿಗಾಗಿ ಏರ್ಪಡಿಸಿದ ಶಾಲೆ ಅದು, ೧೮೮೭ರಲ್ಲಿ ಆರಂಭವಾಗಿತ್ತು. ಪಾಠದ ಜೊತೆಗೆ ಕಮ್ಮಾರಿಕೆ, ಬಡಗಿಯ ಕೆಲಸಗಳನ್ನೂ ಅಲ್ಲಿ ಕಲಿಸುತ್ತಿದ್ದರು. ಆ ಕಾರ್ಯಾಗಾರದಲ್ಲಿಯೇ ಕೆಕುಕು ತನ್ನ ಕೈಗೆ ಒಪ್ಪುವ ಉಕ್ಕಿನ ತುಂಡೊಂದನ್ನು ಮಾಡಿಕೊಂಡ. ಕರುಳಿನ ತಂತಿಗಳ ಬದಲಿಗೆ ಲೋಹದ ತಂತಿಗಳನ್ನು ಕಟ್ಟಿದ. ಉಕ್ಕು ಮೆಟ್ಟಿಗೆ ತಗುಲದಂತೆ ಅವನ್ನು ಎತ್ತರಿಸಿದ. ಜೊತೆಯ ಹುಡುಗರು ನೋಡಿದರು, ಕೇಳಿದರು, ತಾವೂ ಹಿಡಿದರು. ರಜೆಯಲ್ಲಿ ಅವರು ಊರೂರಿಗೆ ಹೋದಂತೆ ಈ ವಿದ್ಯೆಯೂ ದ್ವೀಪದಿಂದ ದ್ವೀಪಕ್ಕೆ ಹೋಯಿತು.

ಕೆಕುಕು ರೈಲು ಹಳಿಯ ಪಕ್ಕದಲ್ಲಿ ನಡೆದು ಹೋಗುತ್ತಿದ್ದನಂತೆ. ಅಲ್ಲಿ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡನಂತೆ. ಅದು ಗಿಟಾರಿನ ತಂತಿಗೆ ತಗುಲಿ ನಾದ ಹೊರಟಿತಂತೆ. ಎಲ್ಲರೂ ಹೇಳುವ ಸುಂದರವಾದ ಕಥೆ ಇದು. ಆದರೆ ಓವಾಹು ದ್ವೀಪದಲ್ಲಿ ಊರಿಂದೂರಿಗೆ ಜನರನ್ನು ಒಯ್ಯುವ ರೈಲು ಹೊನೊಲುಲುವಿನಲ್ಲಿ ಹೊರಟದ್ದೇ ೧೮೮೯ರ ನವೆಂಬರಿನಲ್ಲಿ. ಕಬ್ಬಿನ ತೋಟಗಳಲ್ಲಿ ಅಲ್ಲಲ್ಲಿ ಚಿಕ್ಕ ಹಳಿಗಳಿದ್ದವು ಎಂದುಕೊಂಡರೂ, ೧೮೮೫ರ ಲಾಯಿಯೆಯ ಹುಡುಗನಿಗೆ ರೈಲಿನ ಬೋಲ್ಟು ದೊರಕಿಸಿಕೊಡಲು ಕಷ್ಟಪಡಬೇಕಾಗುತ್ತದೆ. ನ್ಯೂಟನ್ನನ ತಲೆಯ ಮೇಲೆ ಸೇಬಿನ ಹಣ್ಣು ಬೀಳಬೇಕು, ಕಾಳಿದಾಸನ ನಾಲಗೆಯ ಮೇಲೆ ಕಾಳಿ ಬರೆಯಬೇಕು. ಜನರ ಮನಸ್ಸಿಗೆ ಅದೇ ತೃಪ್ತಿ. ಏಳು ವರ್ಷ ಬೆರಳು ಸವೆಸಿದನೆಂದರೆ ಕಥೆ ರುಚಿಸುವುದಿಲ್ಲ.

ಈಗ ನನ್ನ ವಿದ್ಯಾರ್ಥಿಯ "ನಮ್ಮ ದೇಶದವನ" ವಿಷಯ. ಅದು ಬರಿಯ ಗಾಳಿಮಾತೇನೂ ಅಲ್ಲ. ಹವಾಯಿಯ ಹೆಸರಾಂತ ಗೀತಕಾರ ಚಾರ್ಲ್ಸ್ ಕಿಂಗ್ ತನ್ನ ಬಾಲ್ಯದ ಒಂದು ನೆನಪನ್ನು ಹೇಳಿಟ್ಟಿದ್ದಾನೆ. ಸುಮಾರು ೧೮೮೪ರಲ್ಲಿ ಮೌಯಿ ದ್ವೀಪದ ವೈಹೆಯೆ ಎಂಬ ಹಳ್ಳಿಗೆ ಹೊನೊಲುಲುವಿನಿಂದ ಗಾಯಕರ ಮೇಳವೊಂದು ಬಂದಿತ್ತು. ಮೇಳದಲ್ಲಿ ಗೇಬ್ರಿಯಲ್ ಡೇವಿಯನ್ ಎಂಬ ತರುಣನಿದ್ದ. ಇಂಡಿಯಾದಲ್ಲಿ ಹುಟ್ಟಿದವನು; ಹಡಗಿನ ಕಪ್ತಾನನೊಬ್ಬ ಅಪಹರಿಸಿ ತಂದಿದ್ದ; ಕೊನೆಗೆ ಹೊನೊಲುಲು ಸೇರಿದ್ದ. ಅವನು ಗಿಟಾರನ್ನು ಹೊಸ ರೀತಿಯಲ್ಲಿ ನುಡಿಸುತ್ತ ಎಲ್ಲರ ಗಮನ ಸೆಳೆಯುತ್ತಿದ್ದ. ಇದು ಕಿಂಗನ ನೆನಪು. ಕಿಂಗ್ ಕೂಡ ಕಮೆಹಮೆಹ ಶಾಲೆಯ ವಿದ್ಯಾರ್ಥಿಯೇ, ಕೆಕುಕುವಿನ ಓರಗೆಯವನು. ಅವನ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಇದಲ್ಲದೆ ಜೇಮ್ಸ್ ಹೋವ ಎಂಬ ಮೂರನೆಯವನ ಹೆಸರನ್ನು ಹೇಳುವವರೂ ಇದ್ದಾರೆ. ಒಟ್ಟು ಹಕ್ಕುದಾರರು ಮೂವರು.

ಡೇವಿಯನ್ನನ ಕಥೆ ಕೇಳಿದೊಡನೆ ನಮ್ಮವರ ಕಲ್ಪನೆ ಓಡುವ ದಾರಿ ಸ್ಪಷ್ಟ. ಮರದ ಇಲ್ಲವೆ ಗಾಜಿನ ತುಂಡನ್ನು ತಂತಿಯ ಮೇಲೆ ಸರಿಸಿ ನುಡಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ರಚಿಸಿದ "ಸಂಗೀತರತ್ನಾಕರ"ದಲ್ಲಿ ಏಕತಂತ್ರಿ ವೀಣೆಯ ವರ್ಣನೆಯಿದೆ. ಮೆಟ್ಟಿಲ್ಲದ ಆ ವೀಣೆಯನ್ನು ಬಿದಿರಿನ ತುಂಡನ್ನು ಸರಿಸಿ ನುಡಿಸುತ್ತಿದ್ದರು. ದಕ್ಷಿಣದ ಗೋಟುವಾದ್ಯ, ಉತ್ತರದ ವಿಚಿತ್ರವೀಣೆ ಇವೆರಡೂ ಅದೇ ಕುಲದವು. ಹಾಗಾದರೆ ಇನ್ನೇನು! ಹುಡುಗ ಗೋಟುವಾದ್ಯವನ್ನು ಕೇಳಿದ್ದ. ಕಪ್ತಾನ ಹುಡುಗನನ್ನು ಒಯ್ದ. ಹುಡುಗ ಹವಾಯಿಯವರಿಗೆ ಕಲಿಸಿದ. ಮೂರು ವಾಕ್ಯಗಳಲ್ಲಿ ಒಂದು ದೇಶದ ಕೀರ್ತಿ ಇನ್ನೊಂದು ದೇಶಕ್ಕೆ ವರ್ಗವಾಯಿತು.

ಆದರೆ ನ್ಯಾಯವಾಗಿ ನೋಡಬೇಕು. ಕಿಂಗನ ನೆನಪಿನಲ್ಲಿರುವುದು ಡೇವಿಯನ್ನನ ಹುಟ್ಟೂರು ಇಂಡಿಯಾ ಎಂಬುದು ಮಾತ್ರ. ಅವನು ಇಲ್ಲಿ ಯಾವ ವಾದ್ಯವನ್ನು ಕೇಳಿದ್ದ, ಯಾರ ಬಳಿ ಕುಳಿತಿದ್ದ ಎಂಬ ಒಂದು ಅಕ್ಷರವೂ ಅದರಲ್ಲಿಲ್ಲ. ಇಂಡಿಯಾದಲ್ಲಿ ಹುಟ್ಟಿದವರೆಲ್ಲ ಶಾರ್ಙ್ಗದೇವನನ್ನು ಬಲ್ಲವರಾಗಿದ್ದರೆ ನಮ್ಮ ಸಂಗೀತ ಸಭೆಗಳಲ್ಲಿ ಕುರ್ಚಿಗಳು ಖಾಲಿ ಉಳಿಯುತ್ತಿರಲಿಲ್ಲ! ಗೋಟುವಾದ್ಯವಾದರೂ ಆಗ ಬೀದಿಬೀದಿಯಲ್ಲಿ ಕೇಳಿಸುತ್ತಿದ್ದ ವಾದ್ಯವಲ್ಲ. ತಿರುವಿಡೈಮರುದೂರಿನ ಸಖಾರಾಮರಾಯರು ಅದನ್ನು ಕಛೇರಿಯ ವಾದ್ಯವಾಗಿ ಬೆಳೆಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮತ್ತು ಅದರಿಂದ ಈಚೆಗೆ. ಅವರ ಶಿಷ್ಯರಾದ ನಾರಾಯಣ ಅಯ್ಯಂಗಾರ್ಯರಿಂದ ಅದಕ್ಕೆ ದೊಡ್ಡ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೀಗಾಗಿ ಮದರಾಸು ಸೀಮೆಯಲ್ಲೂ ಹವಾಯಿಯಲ್ಲೂ ಸರಿಸುಮಾರು ಒಂದೇ ಕಾಲದಲ್ಲಿ, ಒಬ್ಬರನ್ನೊಬ್ಬರು ಅರಿಯದ ಜನ, ಒಂದೇ ಆಸೆಯಿಂದ ತಂತಿಯ ಮೇಲೆ ತುಂಡನ್ನು ಸರಿಸುತ್ತಿದ್ದರು ಎನ್ನುವುದಕ್ಕೆ ಅಡ್ಡಿಯಿಲ್ಲ. ಆ ಆಸೆ ಯಾವುದು? ತಂತಿ ಮನುಷ್ಯನ ಕೊರಳಿನ ಹಾಗೆ ಹಾಡಲಿ ಎಂಬುದು. ಅದಕ್ಕೆ ಯಾವ ದೇಶವೂ ಪೇಟೆಂಟು ಪಡೆಯಲಾಗದು.

ಅದಲ್ಲದೆ, ಮೊದಲು ಮಾಡಿದವನು ಯಾರು ಎಂಬುದೊಂದು ಪ್ರಶ್ನೆ. ಒಂದು ಜನಾಂಗ ಅದನ್ನು ಕೈಗೆತ್ತಿಕೊಂಡದ್ದು ಹೇಗೆ ಎಂಬುದು ಇನ್ನೊಂದು. ದೇವಕಿ ಯಾರೆಂದು ತಿಳಿದ ಮಾತ್ರಕ್ಕೆ ಯಶೋದೆಯ ಕಥೆ ಮುಗಿಯುವುದಿಲ್ಲ. ಡೇವಿಯನ್ನನದು ಮೇಳದ ಬೆರಗು. ಅವನೊಡನೆ ಬಂದು ಅವನೊಡನೆ ಹೋಯಿತು. ಕೆಕುಕು ತುಂಡಿಗೆ ರೂಪ ಕೊಟ್ಟ, ವಾದ್ಯವನ್ನು ಅದಕ್ಕೆ ತಕ್ಕಂತೆ ತಿದ್ದಿದ, ಒಂದು ಶಾಲೆಯ ಹುಡುಗರಿಗೆ ಕಲಿಸಿದ, ಜೀವಮಾನವೆಲ್ಲ ಅದನ್ನೇ ನುಡಿಸಿದ. ಸಂಪ್ರದಾಯವೊಂದು ಹುಟ್ಟುವುದು ಹೀಗೆ. ಆದ್ದರಿಂದ ಹವಾಯಿಯ ಜನ ಕೆಕುಕುವನ್ನೇ ಮೊದಲಿಗನೆಂದು ಎಣಿಸುವುದು ನ್ಯಾಯವಾಗಿಯೇ ಇದೆ.

ಹುಡುಗರು ಈ ವಿದ್ಯೆಯನ್ನು ಕಲಿಯುತ್ತಿದ್ದ ಹೊತ್ತಿಗೇ ಅವರ ರಾಜ್ಯ ಮುಳುಗುತ್ತಿತ್ತು. ೧೮೮೭ರಲ್ಲಿ ಬಂದೂಕದ ಬೆದರಿಕೆಯಿಂದ ಕಲಾಕೌವನ ಅಧಿಕಾರವನ್ನು ಕಿತ್ತುಕೊಂಡರು. ೧೮೯೩ರ ಜನವರಿ ೧೭ರಂದು, ಅಮೆರಿಕದ ಯುದ್ಧನೌಕೆಯ ಸೈನಿಕರು ದಡದಲ್ಲಿ ನಿಂತಿರುವಾಗ, ರಾಣಿ ಲಿಲಿಯುವೊಕಲಾನಿಯನ್ನು ಪದಚ್ಯುತಗೊಳಿಸಿದರು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಅರಮನೆಯ ವಾದ್ಯಗಾರರಿಗೆ ಆಜ್ಞೆಯಾಯಿತು. ಅವರು ಒಪ್ಪಲಿಲ್ಲ. ಒಪ್ಪದಿದ್ದರೆ ಕಲ್ಲು ತಿನ್ನಬೇಕಾದೀತು ಎಂದು ಮೇಳದ ನಾಯಕ ಗದರಿಸಿದ. ಕಲ್ಲನ್ನೇ ತಿನ್ನುತ್ತೇವೆ ಎಂದು ಹೊರನಡೆದರು. ಆ ಪ್ರಸಂಗದಿಂದ ಹುಟ್ಟಿದ ಹಾಡನ್ನು "ಕಲ್ಲು ತಿನ್ನುವ ಹಾಡು" ಎಂದು ಹವಾಯಿಯವರು ಇಂದಿಗೂ ಹಾಡುತ್ತಾರೆ. ೧೮೯೬ರ ಕಾನೂನೊಂದು ಇಂಗ್ಲಿಷನ್ನು ಶಾಲೆಗಳ ಬೋಧನಭಾಷೆಯನ್ನಾಗಿ ಮಾಡಿತು; ಮಕ್ಕಳ ತಾಯ್ನುಡಿ ಶಾಲೆಯ ಬಾಗಿಲ ಹೊರಗೆ ಉಳಿಯಿತು. ೧೮೯೮ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿಹೋದವು. ರಾಜ್ಯ ಹೋಯಿತು, ನೆಲ ಹೋಯಿತು, ಶಾಲೆಯಲ್ಲಿ ನುಡಿ ಹೋಯಿತು. ಕೈಯಲ್ಲಿ ಉಳಿದದ್ದು ವಾದ್ಯ. ಅದನ್ನು ಹಿಡಿದುಕೊಂಡು ತರುಣರು ಹಡಗು ಹತ್ತಿದರು. ಹೊಟ್ಟೆಪಾಡೂ ಹೌದು, ತಮ್ಮ ನುಡಿಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸುವ ಸ್ಥಳ ರಂಗಭೂಮಿಯೊಂದೇ ಆಗಿದ್ದುದೂ ಹೌದು.

ಕೆಕುಕು ೧೯೦೪ರಲ್ಲಿ ಹವಾಯಿಯನ್ನು ಬಿಟ್ಟು ಅಮೆರಿಕದ ಪಶ್ಚಿಮ ತೀರಕ್ಕೆ ಹೋದ. ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ "ಬರ್ಡ್ ಆಫ್ ಪ್ಯಾರಡೈಸ್" ಎಂಬ ನಾಟಕ ರಂಗವೇರಿತು. ಬರೆದವನು ಅಮೆರಿಕದವನು, ಕಥೆಯಲ್ಲಿ ಹವಾಯಿಯ ರಾಜಕುಮಾರಿ ಜ್ವಾಲಾಮುಖಿಗೆ ಹಾರಿಕೊಳ್ಳುತ್ತಾಳೆ. ಚಿತ್ರಪಟದ ಹವಾಯಿ ಅದು. ಆದರೆ ಪರದೆಯ ಪಕ್ಕದಲ್ಲಿ ಕುಳಿತು ನುಡಿಸುತ್ತಿದ್ದ ಐವರು ಮಾತ್ರ ನಿಜವಾದ ಹವಾಯಿಯವರು. ಅವರ ನಡುವೆ ಉಕ್ಕಿನ ಗಿಟಾರೂ ಇತ್ತು. ೧೯೧೩ರಲ್ಲಿ ವಿಕ್ಟರ್ ಕಂಪೆನಿ ಆ ಮೇಳದ ತಟ್ಟೆಗಳನ್ನು ಹೊರತಂದಿತು. ೧೯೧೫ರಲ್ಲಿ ಪನಾಮಾ ಕಾಲುವೆಯ ಸಂಭ್ರಮಕ್ಕಾಗಿ ಸಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳ ಲೆಕ್ಕ ಅಲ್ಲಿ ದೊರೆತಿದೆ. ಹವಾಯಿ ಮಂಟಪದಲ್ಲಿ ದಿನವೂ ಸಂಗೀತ. ಮರುವರ್ಷವೇ ಅಮೆರಿಕಕ್ಕೆ ಹವಾಯಿ ಸಂಗೀತದ ಹುಚ್ಚು ಹಿಡಿಯಿತು. ತಟ್ಟೆಗಳಿಗೆ ಎಲ್ಲಿಲ್ಲದ ಗಿರಾಕಿ. ಹವಾಯಿಯನ್ನು ಕನಸಿನಲ್ಲೂ ಕಾಣದ ನ್ಯೂಯಾರ್ಕಿನ ಹಾಡುಗಾರರು ಅರ್ಥವಿಲ್ಲದ ಶಬ್ದಗಳನ್ನು ಪೋಣಿಸಿ "ಹವಾಯಿ ಹಾಡು" ಎಂದು ಮಾರಿದರು. ಕೆಕುಕು ೧೯೧೯ರಲ್ಲಿ ಅದೇ ನಾಟಕದ ಜೊತೆ ಯೂರೋಪಿಗೆ ಹೋಗಿ ಎಂಟು ವರ್ಷ ಸುತ್ತಿದ. ಹಿಂತಿರುಗಿ ಶಿಕಾಗೋದಲ್ಲಿ ಪಾಠ ಹೇಳಿದ. ೧೯೩೨ರಲ್ಲಿ ನ್ಯೂಜೆರ್ಸಿಯಲ್ಲಿ, ತಾನು ಹುಟ್ಟಿದ ಕಡಲಿನಿಂದ ಬಹು ದೂರದಲ್ಲಿ ತೀರಿಕೊಂಡ.

ಅಷ್ಟರಲ್ಲಿ ಅವನ ಉಕ್ಕಿನ ತುಂಡು ಎಷ್ಟೋ ಕೈಗಳಿಗೆ ದಾಟಿತ್ತು. ಅಮೆರಿಕದ ಕರಿಯರ "ಬ್ಲೂಸ್" ಸಂಗೀತದಲ್ಲಿ ಚಾಕುವನ್ನೋ ಸೀಸೆಯ ಕತ್ತನ್ನೋ ತಂತಿಯ ಮೇಲೆ ಸರಿಸುವ ಪದ್ಧತಿಯಿದೆ. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಪ್ರಸಿದ್ಧ ಸಂಗೀತಗಾರ ಸುಮಾರು ೧೯೦೩ರಲ್ಲಿ ಮಿಸಿಸಿಪಿಯ ಒಂದು ರೈಲು ನಿಲ್ದಾಣದಲ್ಲಿ ಅದನ್ನು ಕೇಳಿದುದಾಗಿ ತನ್ನ ಆತ್ಮಕಥೆಯಲ್ಲಿ ಬರೆಯುವಾಗ, ಹವಾಯಿಯವರ ರೀತಿಯನ್ನೇ ಹೋಲಿಕೆಗೆ ತಂದಿದ್ದಾನೆ. ಆಫ್ರಿಕದಿಂದ ಬಂದ ಏಕತಂತಿಯ ವಾದ್ಯಗಳ ನೆನಪೂ ಅಲ್ಲಿ ಸೇರಿರಬಹುದೆಂದು ವಿದ್ವಾಂಸರು ವಾದಿಸುತ್ತಾರೆ. ಬಿಳಿಯರ ಹಳ್ಳಿಗಾಡಿನ ಹಾಡಿಗೂ ಇದೇ ನಾದ ಹೊಕ್ಕಿತು. ಆ ಸಂಗೀತದ ಮೂಲಪುರುಷರಲ್ಲೊಬ್ಬನಾದ ಜಿಮ್ಮಿ ರಾಜರ್ಸನ ಜೊತೆಯಲ್ಲಿ ೧೯೨೯ರಲ್ಲಿ ಜೋ ಕೈಪೊ ಎಂಬ ಹವಾಯಿಯವನು ನುಡಿಸಿದ ತಟ್ಟೆಗಳಿವೆ. ಜನ ತುಂಬಿದ ಸಭಾಂಗಣದಲ್ಲಿ ಮಲಗಿಸಿದ ಗಿಟಾರಿನ ಸದ್ದು ಸಾಲುತ್ತಿರಲಿಲ್ಲ. ಅದನ್ನು ಹೆಚ್ಚಿಸುವುದಕ್ಕಾಗಿ ೧೯೨೭ರಲ್ಲಿ ಜಾನ್ ಡೋಪೇರ ಎಂಬವನು ಒಳಗೆ ಅಲ್ಯುಮಿನಿಯಂ ಶಂಕುಗಳನ್ನು ಕೂರಿಸಿದ ಲೋಹದ ಗಿಟಾರನ್ನು ರಚಿಸಿದ. ೧೯೩೨ರ ವೇಳೆಗೆ ವಿದ್ಯುತ್ತಿನ ಗಿಟಾರು ಮಾರಾಟಕ್ಕೆ ಬಂತು. ಬಾಣಲೆಯಂತೆ ಕಾಣುತ್ತಿದ್ದುದರಿಂದ ಅದಕ್ಕೆ "ಫ್ರೈಯಿಂಗ್ ಪ್ಯಾನ್" ಎಂದೇ ಅಡ್ಡಹೆಸರು. ಲೋಕದ ಮೊತ್ತಮೊದಲ ವಿದ್ಯುತ್ ಗಿಟಾರುಗಳ ಸಾಲಿಗೆ ಸೇರಿದ ಅದು ತೊಡೆಯ ಮೇಲೆ ಮಲಗಿಸಿ ಉಕ್ಕಿನಿಂದ ನುಡಿಸುವ ಹವಾಯಿ ಗಿಟಾರೇ! ಇಂದು ಕಿವಿಗಡಚಿಕ್ಕುವ ಸಂಗೀತ ಮಾಡುವ ತರುಣರಿಗೆ ಈ ಪೂರ್ವೋತ್ತರ ಗೊತ್ತಿದ್ದಂತಿಲ್ಲ. ಅಮೆರಿಕದಲ್ಲಿಯೇ ಈಗ "ಸ್ಟೀಲ್ ಗಿಟಾರು" ಎಂದರೆ ಅಗಲವಾದ ಟೊಪ್ಪಿಗೆಯ ಹಳ್ಳಿ ಹಾಡುಗಾರರ ನೆನಪಾಗುತ್ತದೆಯೇ ಹೊರತು ಲಾಯಿಯೆಯ ಹುಡುಗನದಲ್ಲ. ವಾದ್ಯ ಉಳಿಯಿತು, ಹೆಸರಿನ ಮೊದಲಿದ್ದ "ಹವಾಯಿ" ಮೆಲ್ಲನೆ ಉದುರಿತು.

ನಮ್ಮ ದೇಶಕ್ಕೆ ಈ ವಾದ್ಯ ಬಂದುದೂ ಹಡಗಿನಲ್ಲಿಯೇ. ಸಮೋವಾದಲ್ಲಿ ಹುಟ್ಟಿ, ಕೆಕುಕುವಿನ ಊರಾದ ಅದೇ ಲಾಯಿಯೆಯಲ್ಲಿ ಬೆಳೆದ ತಾವ್ ಮೋ ಎಂಬ ಕಲಾವಿದ ೧೯೨೦ರ ದಶಕದ ಕೊನೆಗೆ ನಾಟಕ ಮಂಡಲಿಯೊಂದರ ಜೊತೆ ಏಷ್ಯಾ ಪ್ರವಾಸಕ್ಕೆ ಹೊರಟ. ಹೆಂಡತಿ ರೋಸ್ ಹಾಡುತ್ತಿದ್ದಳು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಈ ಕುಟುಂಬ ಕಲ್ಕತ್ತೆಯಲ್ಲಿ ನೆಲೆ ನಿಂತಿತು. ತಾವ್ ಮೋ ನುಡಿಸಿದ, ಕಲಿಸಿದ. ಕಲ್ಕತ್ತೆಯ ಆಂಗ್ಲೋ ಇಂಡಿಯನ್ ವಾದಕ ಗಾರ್ನಿ ನಿಸ್ "ಅಲೋಹ ಬಾಯ್ಸ್" ಎಂಬ ಮೇಳ ಕಟ್ಟಿದ್ದ. ಬಂಗಾಳದ ಮಧ್ಯಮ ವರ್ಗದ ಮನೆಗಳಲ್ಲಿ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಹವಾಯಿ ಗಿಟಾರಿಗೂ ಒಂದು ಜಾಗ ಸಿಕ್ಕಿತು. ರವೀಂದ್ರಗೀತೆ ಅದರಲ್ಲಿ ಹರಿಯಿತು, ಚಿತ್ರಗೀತೆಯೂ ಹರಿಯಿತು. ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಮೊದಲಾದವರ ತಟ್ಟೆಗಳು ದೇಶವೆಲ್ಲ ಹರಡಿದವು. ನಮ್ಮ ತಂದೆಯವರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಆ ಎರಡು ನಿಮಿಷಗಳಿಗೆ ಇಂಥವರೇ ಕಾರಣ.

ಅದನ್ನು ಲಘುಸಂಗೀತದಿಂದ ರಾಗಸಂಗೀತಕ್ಕೆ ಎತ್ತಿದ ಮೊದಲಿಗರಲ್ಲಿ ಜೋಧಪುರದ ಬೃಜಭೂಷಣ ಕಾಬ್ರಾ ಅವರ ಹೆಸರು ದೊಡ್ಡದು. ವೃತ್ತಿಯಿಂದ ಭೂಗರ್ಭಶಾಸ್ತ್ರಜ್ಞರು. ಕಲ್ಕತ್ತೆಯಲ್ಲಿ ಹವಾಯಿ ಗಿಟಾರಿಗೆ ಮನಸೋತು, ಆಲಿ ಅಕ್ಬರ್ ಖಾನರ ಶಿಷ್ಯರಾಗಿ, ಆ ವಾದ್ಯದಲ್ಲಿ ಆಲಾಪ, ಜೋಡ, ಝಾಲಾಗಳನ್ನು ಮೂಡಿಸಿದರು. ೧೯೬೭ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಅವರು ನುಡಿಸಿದ "ಕಾಲ್ ಆಫ್ ದ ವ್ಯಾಲಿ" ಸಂಗೀತ ಪ್ರಿಯರ ಮನೆಮಾತಾಯಿತು. ಜಯಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಚಿಕಾರಿ, ತರಬುಗಳನ್ನು ಸೇರಿಸಿ "ಮೋಹನವೀಣೆ" ಎಂದು ಕರೆದರು. ಅಮೆರಿಕದ ರೈ ಕೂಡರ್ ಜೊತೆ ಅವರು ನುಡಿಸಿದ "ಎ ಮೀಟಿಂಗ್ ಬೈ ದ ರಿವರ್" ೧೯೯೩ರಲ್ಲಿ ಬಂದು, ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ನಮ್ಮ ಬೆಂಗಳೂರಿನಲ್ಲಿಯೂ ಪ್ರಕಾಶ್ ಸೊಂಟಕ್ಕೆ ಅವರಂಥವರು ಈ ಬಗೆಯ ಗಿಟಾರಿನಲ್ಲಿ ಹಿಂದೂಸ್ಥಾನಿ ರಾಗಗಳನ್ನು ನುಡಿಸುತ್ತ ಬಂದಿದ್ದಾರೆ. ಕಡಲಾಚೆಯಿಂದ ಬಂದ ಪಿಟೀಲನ್ನು ದೀಕ್ಷಿತರ ಮನೆಯವರು ನಮ್ಮದನ್ನಾಗಿ ಮಾಡಿಕೊಂಡಂತೆಯೇ ಇದೂ ಆಯಿತು. ಪಿಟೀಲನ್ನು ನಾವು ಕಂಡುಹಿಡಿದೆವು ಎಂದು ಯಾರೂ ಹೇಳುವುದಿಲ್ಲ. ಹೇಳದಿದ್ದುದರಿಂದ ಚೌಡಯ್ಯನವರ ಕೀರ್ತಿಗೆ ಕುಂದೂ ಬರಲಿಲ್ಲ.

ಎಂದ ಮೇಲೆ ನನ್ನ ವಿದ್ಯಾರ್ಥಿಗೆ ಏನು ಹೇಳಲಿ? ೧೯೯೩ನೆಯ ಇಸವಿ ನನ್ನ ಮನಸ್ಸಿನಲ್ಲಿ ನಿಂತಿದೆ. ರಾಣಿಯ ಪದಚ್ಯುತಿಗೆ ಸರಿಯಾಗಿ ನೂರು ವರ್ಷವಾದ ಆ ವರ್ಷ ಅಮೆರಿಕದ ಸಂಸತ್ತು ಹವಾಯಿ ಜನರ ಕ್ಷಮೆ ಕೋರಿ ಗೊತ್ತುವಳಿ ಮಾಡಿತು. ಅದೇ ವರ್ಷ ಸ್ಟೀಲ್ ಗಿಟಾರಿನ ಕೀರ್ತಿಶಾಲೆಯಲ್ಲಿ ಕೆಕುಕುವಿನ ಹೆಸರನ್ನು ಸೇರಿಸಿದರು. ಕ್ಷಮೆಯಿಂದ ರಾಜ್ಯ ಮರಳಿ ಬರಲಿಲ್ಲ. ಆದರೆ ಹೆಸರೊಂದು ಮರಳಿ ಬಂತು. ಎಲ್ಲವನ್ನೂ ಕಳೆದುಕೊಂಡ ಒಂದು ಸಣ್ಣ ಜನಾಂಗ ಲೋಕಕ್ಕೆ ಕೊಟ್ಟ ಕಾಣಿಕೆ ಈ ನಾದ. ಕಪ್ತಾನನ ಕಥೆಯೊಂದನ್ನೇ ಆಧಾರ ಮಾಡಿಕೊಂಡು ಅದನ್ನೂ ನಮ್ಮದೆಂದು ಬರೆದುಕೊಂಡರೆ, ಸಕ್ಕರೆಯ ದೊರೆಗಳು ಬಿಟ್ಟಿದ್ದನ್ನು ನಾವು ಕಿತ್ತುಕೊಂಡಂತಾದೀತು. ನುಡಿಯನ್ನು ಶಾಲೆಯೊಳಗ�� ಉಳಿಸಿಕೊಳ್ಳುವುದಕ್ಕಾಗಿ ಹೋರಾಡಿದ, ಈಗಲೂ ಹೋರಾಡುತ್ತಿರುವ ಕನ್ನಡಿಗರು ಇದನ್ನು ಇತರರಿಗಿಂತ ಬೇಗ ಅರಿಯಬಲ್ಲರು.

ಅವನನ್ನು ಕರೆದು ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದರೆ ಆ ಡೇವಿಯನ್ ಸಾರ್?" ಎಂದ. "ಅವನ ಹೆಸರನ್ನೂ ಮರೆಯಬೇಡ. ಮನೆಯಿಂದ ಕದ್ದೊಯ್ದ ಹುಡುಗನೊಬ್ಬ ಪರದೇಶದಲ್ಲಿ ಹಾಡು ಹುಡುಕಿಕೊಂಡ ಎಂದು ನೆನೆ. ಅದಕ್ಕಿಂತ ಹೆಚ್ಚು ಹೇಳಬೇಡ" ಎಂದೆ.

ಮುಂದಿನ ವಾರ್ಷಿಕೋತ್ಸವದಲ್ಲಿ ಅವನು ಮತ್ತೆ ನುಡಿಸಿದ. ಆರಂಭಿಸುವ ಮುನ್ನ ಧ್ವನಿವರ್ಧಕದ ಹತ್ತಿರ ಬಗ್ಗಿ, "ಇದು ಹವಾಯಿ ಗಿಟಾರು" ಎಂದಷ್ಟೇ ಹೇಳಿದ. ಹಿಂದಿನ ವರ್ಷ ಬರಿಯ "ಗಿಟಾರು" ಎಂದಿದ್ದ.